ಅದಿರು ಬಿತ್ತು, ಚಿಕ್ಕಮ್ಮ ಬಿದ್ದಳು

ಮುರಿದದ್ದು ನನ್ನ ಚಿಕ್ಕಮ್ಮನ ಬಲ ಮಣಿಕಟ್ಟು. ಅದಿರು ಅಗೆದವರಿಗೆ, ಸಾಗಿಸಿದವರಿಗೆ, ಕಣ್ಮುಚ್ಚಿ ಸಾಗಿಸಲು ಬಿಟ್ಟವರಿಗೆ ಒಂದು ಉಗುರು ಕೂಡ ಕಿತ್ತುಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವವರೆಲ್ಲ ನಿಜವಾದ ತೊಂದರೆ ತಮಗೇ ಆಯಿತೆಂಬಂತೆ ಮಾತನಾಡುತ್ತಾರೆ.

ಗಣಿಯ ಭರಾಟೆಯ ವರ್ಷಗಳವು. ಸಂಡೂರಿನಿಂದ ಹೊಸಪೇಟೆಗೆ ಬರುವ ಲಾರಿಗಳಲ್ಲಿ ಅದಿರನ್ನು ಹಲಗೆಯ ಮಟ್ಟ ಮೀರಿ ಗೋಪುರದಂತೆ ಏರಿಸುತ್ತಿದ್ದರು. ಲೋಡಿನ ಮೇಲೆ ಹೊದಿಸಬೇಕಾದ ತಾಡಪಾಲನ್ನು ಚಾಲಕ ಮಡಚಿ, ಅದರ ಮೇಲೆ ತಾನೇ ಕೂತು ಓಡಿಸುತ್ತಿದ್ದ. ತಾಡಪಾಲು ಇರಬೇಕೆಂಬುದು ನಿಯಮ, ಇತ್ತು. ನಿಯಮಪಾಲನೆ ಅಲ್ಲಿಗೆ ಮುಗಿಯುತ್ತಿತ್ತು. ಉಳಿದ ಸುರಕ್ಷತೆಯನ್ನು ಮುಂಗಾಜಿನ ಮೇಲೆ ಹೆಸರು ಬರೆಸಿಕೊಂಡ ದೇವರಿಗೆ ಗುತ್ತಿಗೆ ಕೊಡಲಾಗಿತ್ತು. ನಾಡಿನ ದೊಡ್ಡವರು ಅಷ್ಟರಲ್ಲಿ ರಸ್ತೆ ಬಿಟ್ಟು ಆಕಾಶದಲ್ಲಿ ಓಡಾಡಲು ಕಲಿತಿದ್ದರು. ಅಲ್ಲಿ ಅದಿರು ತಲೆಯ ಮೇಲೆ ಬೀಳುವ ಭಯವಿರಲಿಲ್ಲ.

ಚಿಕ್ಕಮ್ಮ ಹೊಸಪೇಟೆಯ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ದುಡಿಮೆ ನಿಂತಿದ್ದೇ ಆ ಮಣಿಕಟ್ಟಿನ ಮೇಲೆ. ಸಂಡೂರಿನ ನೆಂಟರ ಮನೆಯಿಂದ ಚಿಕ್ಕಪ್ಪನ ಮೊಪೆಡ್ಡಿನ ಹಿಂದೆ ಕೂತು ಬರುವಾಗ ಮುಂದಿದ್ದ ಲಾರಿ ಗುಂಡಿಗಿಳಿದು ಎದ್ದಿತು. ತೆಂಗಿನಕಾಯಿ ಗಾತ್ರದ ಅದಿರಿನ ಗಡ್ಡೆಯೊಂದು ಹಾರಿ ಬಂದು ಅವಳ ಕೈಗೆ ಬಡಿಯಿತು. ಆಗಲೂ ಮೊಪೆಡ್ ಬೀಳಲಿಲ್ಲ. ಏನಾಯಿತೆಂದು ಚಿಕ್ಕಪ್ಪ ಹಿಂತಿರುಗಿ ನೋಡಿದ, ಆಮೇಲೆ ಇಬ್ಬರೂ ಬಿದ್ದರು. ಲಾರಿಯವನಿಗೆ ಪರಾರಿಯಾಗುವ ಇಚ್ಛೆ ಇದ್ದಿರಬಹುದು, ಆದರೆ ದಾರಿಯಿರಲಿಲ್ಲ. ಮುಂದೆ ಅವನಂಥವರದೇ ಸಾಲು ಅಲ್ಲಾಡದೆ ನಿಂತಿತ್ತು. ಚಹಾದಂಗಡಿಯವರು ನಂಬರ್ ಬರೆದುಕೊಂಡರು. ಚಿಕ್ಕಪ್ಪ ಗಡ್ಡೆಯನ್ನು ಚೀಲಕ್ಕೆ ಹಾಕಿಕೊಂಡ.

ಸುದ್ದಿ ತಿಳಿದು ನಾನು ನರ್ಸಿಂಗ್ ಹೋಮಿಗೆ ಓಡಿದಾಗ ವೈದ್ಯರು ಚಿಕ್ಕಮ್ಮನನ್ನು ವಿಚಾರಿಸುತ್ತಿದ್ದರು.

"ಹೆಂಗಾತವ್ವ?"

"ಬಿತ್ರೀ."

"ಏನು ಬಿತ್ತು? ಆಕ್ಸಿಡೆಂಟ್ ಅಂದ್ರ ಪೊಲೀಸ್ ಕೇಸ್ ಆಕ್ಕೈತಿ ನೋಡು. ಕೇಸ್ ಆದ್ರ ನಾವು ಮುಟ್ಟಂಗಿಲ್ಲ, ಬಳ್ಳಾರಿಗೆ ಹೋಗ್ಬೇಕು. ನೀನು ಗಾಡಿಯಿಂದ ಬಿದ್ದಿ, ಹೌದಿಲ್ಲೊ?"

ನೋವಿನಲ್ಲಿ ನರಳುತ್ತಿದ್ದವಳು, "ಹೌದ್ರೀ, ಬಿದ್ದೆ," ಎಂದಳು.

ಮುಟ್ಟುವುದಿಲ್ಲವೆಂದು ಗಾಯಾಳುವನ್ನು ಹೆದರಿಸುವುದು ಕಾನೂನಿಗೆ ವಿರುದ್ಧ ಎಂದೆ. "ನೀವು ಹೊರಗ ಕುಂದರ್ರಿ," ಎಂದರು ವೈದ್ಯರು. "ತಾನೇ ಬಿದ್ದು ಆದ ಗಾಯ" ಎಂಬುದು ಕಾಗದಕ್ಕಿಳಿಯಿತು. ಎಕ್ಸ್‌ರೇ ತೆಗೆಯದೆಯೇ ಕೈ ಪಟ್ಟಿಯೊಳಗೆ ಸೇರಿತು. ಬಿತ್ತು ಎಂಬುದು ಬಿದ್ದೆ ಎಂದಾದ ಮೇಲೆ ತಪ್ಪು ಲಾರಿಯನ್ನು ಬಿಟ್ಟು ಚಿಕ್ಕಮ್ಮನನ್ನು ಹತ್ತಿ ಕೂತಿತು. ನಮ್ಮ ವ್ಯಾಕರಣ ಗಣಿ ಮಾಲೀಕರಿಗೆ ಇಷ್ಟೊಂದು ಉಪಕಾರಿ ಎಂದು ನನಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಠಾಣೆಗೆ ಹೋದೆವು. ಲಾರಿ ಮಾಲೀಕರ ಕಡೆಯ ಸೂಪರ್‌ವೈಸರ್ ನಮಗಿಂತ ಮೊದಲೇ ಬಂದು ದಫೇದಾರರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

"ಲಾರಿ ಬಡಿದಿಲ್ಲ, ಕಲ್ಲು ಬಡದೈತಿ ಅಂತೀರಿ. ದವಾಖಾನಿಯೋರು ತಾನೇ ಬಿದ್ದಾಳ ಅಂತ ಬರದಾರ," ಎಂದರು ದಫೇದಾರರು. "ಕೇಸ್ ಹೆಂಗ ಬರೀಲಿ?"

"ನಮ್ಮ ಗಾಡೀಂದ ಒಂದು ಹರಳೂ ಬಿದ್ದಿಲ್ರೀ," ಎಂದ ಸೂಪರ್‌ವೈಸರ್. "ಆದ್ರೂ ಮಾನವೀಯತೆ ಐತಿ. ಅಕ್ಕಾರಿಗೆ ಸೇಬು ತಂದೀನಿ."

ಚಿಕ್ಕಪ್ಪ ಗಡ್ಡೆಯನ್ನು ಮೇಜಿನ ಮೇಲಿಟ್ಟ. ಅವನಿಗೆ ಕಾನೂನು ಗೊತ್ತಿರಲಿಲ್ಲ. ಎಂಥ ಹೊತ್ತಿನಲ್ಲೂ ತಮಾಷೆ ಮಾಡುವ ಚಟವಿತ್ತು.

"ಹಂಗಾದ್ರ ಇದು ಯಾರ್ದೂ ಅಲ್ಲ. ಒಯ್ದು ಮಾರ್ಕೊಂತೀನಿ ಬಿಡ್ರೀ. ಚೀನಾದೋರು ಮಣ್ಣೂ ಬಿಡಂಗಿಲ್ಲಂತ, ಇದು ಭಾಳ ಗಟ್ಟಿ ಐತಿ."

ಸೂಪರ್‌ವೈಸರ್ ಸೇಬಿನ ಚೀಲ ಕೆಳಗಿಟ್ಟು ಎದ್ದ. "ಮಾರಿ ನೋಡಲೇ. ಪರ್ಮಿಟ್ ಮಾಲು ಅದು. ಕಳ್ಳತನದ ಕೇಸ್ ಹಾಕಿಸ್ತೀನಿ."

"ಯಾರ ಮಾಲು?" ಎಂದು ಕೇಳಿದೆ.

"ನಮ್ದು. ಇನ್ಯಾರ್ದು?"

ದಫೇದಾರರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ಬಾಯಿ ಮುಚ್ಕೊಂಡು ಸೇಬು ಕೊಟ್ಟು ಹೋಗಾಕ ಏನಾಗಿತ್ತಪ್ಪ ನಿನಗ?" ಎಂದು ಅವನಿಗೆ ನೊಂದು ನುಡಿದರು. ಅದಿರಿನ ಬೆಲೆ ಏರಿದ್ದ ಆ ಕಾಲದಲ್ಲಿ ಒಂದು ಗಡ್ಡೆಯನ್ನೂ ಬಿಟ್ಟುಕೊಡಲಾಗದ ಆ ಜಿಪುಣತನವೇ ನಮ್ಮ ದೂರು ದಾಖಲಾಗಲು ಕಾರಣವಾಯಿತು. ನ್ಯಾಯಪ್ರಜ್ಞೆಗೆ ಅದರಲ್ಲಿ ಪಾಲಿರಲಿಲ್ಲ.

ಪರಿಹಾರದ ಮೊಕದ್ದಮೆ ನ್ಯಾಯಾಲಯಕ್ಕೆ ಬಂದಾಗ ಲಾರಿಯ ವಿಮಾ ಕಂಪನಿಯ ವಕೀಲರು ಗಡ್ಡೆಯ ಕಡೆ ನೋಡಲೂ ಇಲ್ಲ. ಆಸ್ಪತ್ರೆಯ ಕಾಗದವನ್ನು ಹಿಡಿದು, "ನೀವು ಬಿದ್ದದ್ದು ನಿಜ ತಾನೇ?" ಎಂದು ಕೇಳಿದರು.

"ನಿಜರೀ," ಎಂದಳು ಚಿಕ್ಕಮ್ಮ. "ಅಂಥಾ ಕಲ್ಲು ಬಡದ್ರ ನೀವೂ ಬೀಳ್ತಿದ್ರಿ."

ನಕ್ಕವರಲ್ಲಿ ನ್ಯಾಯಾಧೀಶರೂ ಇದ್ದರು. ಆದರೂ ತೀರ್ಪಿನಲ್ಲಿ ಆ ಪದಕ್ಕೆ ಸಲ್ಲಬೇಕಾದ ಗೌರವ ಸಂದಿತು: ಅಜಾಗರೂಕತೆಯಲ್ಲಿ ಅವಳಿಗೂ ಪಾಲಿದೆಯೆಂದು ಪರಿಹಾರವನ್ನು ಮೊಟಕುಗೊಳಿಸಲಾಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು, ರೊಟ್ಟಿ ಬಡಿಯುವ ಕೆಲಸ ಬೇರೊಬ್ಬಳ ಪಾಲಾಗಿತ್ತು. ಬಡಿಸುವ ಕೆಲಸವಾದರೂ ಕೊಡಿ ಎಂದು ಕೇಳಿದರೆ, ಎಡಗೈಯಲ್ಲಿ ಬಡಿಸಿದರೆ ಗಿರಾಕಿಗಳು ಎದ್ದು ಹೋಗುತ್ತಾರೆಂದು ಖಾನಾವಳಿಯವರು ಒಪ್ಪಲಿಲ್ಲ. ಅನ್ನದ ಮೇಲೆ ಬಂದು ಕೂರುತ್ತಿದ್ದ ಕೆಂಪು ಧೂಳಿಗೆ ಯಾವ ಗಿರಾಕಿಯೂ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮ ಮನೆಯಲ್ಲಿ ಕೂತಳು. ನಲವತ್ತರ ಆಸುಪಾಸಿನ ಹೆಂಗಸು, ಕೂತು ಉಣ್ಣುವುದು ಅವಳಿಗೆ ಗೊತ್ತೇ ಇರಲಿಲ್ಲ.

ಆದ್ದರಿಂದ ಕರುಣೆಯನ್ನಾಗಲಿ ಸೇಬನ್ನಾಗಲಿ ನಾನು ಕೇಳುತ್ತಿಲ್ಲ. ಗಣಿ ಮಾಲೀಕರೇ, ಹಲಗೆಯ ಮಟ್ಟ ಮೀರಿದ, ತಾಡಪಾಲು ಬಿಗಿಯದ ಲಾರಿಯನ್ನು ನಿಮ್ಮ ಗೇಟಿನೊಳಗೇ ತಡೆಯಿರಿ. ಆಸ್ಪತ್ರೆ ನಡೆಸುವವರೇ, ಮೊದಲು ಚಿಕಿತ್ಸೆ ಕೊಡಿ. ಗಾಯಾಳು ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ, ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಹೌದೆಂದ ಮೇಲೆ ಮಾತ್ರ ಸಹಿ ಮಾಡಿ, ಅದರ ಒಂದು ಪ್ರತಿಯನ್ನು ಅಲ್ಲೇ ಅವರ ಕೈಗೆ ಕೊಡಿ.