ಹಿಂದಿನ ಸೀಟಿನ ಚಾರ್ಜು

ತೋವಿನಕೆರೆಯ ನಮ್ಮ ಪಕ್ಕದ ಮನೆಯ ಪರ್ವತಯ್ಯನವರಿಗೆ ಬೆಳಗಾದರೆ ಕಾಫಿಗಿಂತ ಮೊದಲು ವೈರಿನಲ್ಲಿ ಕರೆಂಟು ಹರಿಯುತ್ತದಾ ಎಂದು ನೋಡುವ ಟೆಸ್ಟ್ ಬಲ್ಬ್ ಬೇಕು. ಅವರ ಹಳೆಯ ಬೈಕಿನ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಹಾರನ್ ಒತ್ತಿದರೆ ನೆಗಡಿಯಾದ ಮೇಕೆಯಂತೆ ಕೆಮ್ಮುತ್ತದೆ; ಹೆಡ್‌ಲೈಟಿನ ಬೆಳಕು ಎದುರಿನ ಗೋಡೆಯನ್ನೂ ಮುಟ್ಟುವುದಿಲ್ಲ. ದಿನಕ್ಕೊಂದು ವೈರು ಬಿಚ್ಚಿ, ನಾಲಿಗೆ ಕಚ್ಚಿಕೊಂಡು ಟೇಪು ಸುತ್ತಿ, ಒಮ್ಮೆ ಫ್ಯೂಸನ್ನು, ಒಮ್ಮೆ ರೆಕ್ಟಿಫೈಯರನ್ನು, ಏನೂ ಸಿಗದಿದ್ದರೆ ಇಲಿಯನ್ನು ಬೈಯುತ್ತಾರೆ. ಕೊನೆಗೆ ತೀರ್ಪು ಮಾತ್ರ ಒಂದೇ: “ಹಿಂದೆ ನಮ್ಮನೆಯೋಳು ಕೂತ್ರೇನೇ ಇದು ಚಾರ್ಜ್ ಆಗೋದು ಕಣ್ಲಾ!” ಮಾತು ನಿಜವೇ. ಎಲ್ಲಿಗೆ ಕರೆದರೂ “ಮನೇಲಿ ಕೆಲ್ಸ ಐತೆ” ಎನ್ನುವ ಅವರ ಹೆಂಡತಿ ದಾಕ್ಷಾಯಣಮ್ಮ ಇದೊಂದಕ್ಕೆ ಮಾತ್ರ “ನಾನೇನು ಡೈನಮೋನಾ?” ಎಂದು ಗೊಣಗುತ್ತಲೇ ಹತ್ತಿ ಕೂರುತ್ತಾರೆ. ಬೈಕ್ ಹೊರಡುತ್ತಿದ್ದಂತೆ ಲೈಟು ಝಗ್ಗೆನ್ನುತ್ತದೆ. ಇಬ್ಬರೂ ಮಧುಗಿರಿಯವರೆಗೆ ಹೋಗಿ ದೋಸೆ ತಿಂದು ಬರುತ್ತಾರೆ. ಮೊನ್ನೆ ಸೀಟಿನಡಿ ಇಣುಕಿದಾಗ ನನಗೆ ಕಂಡಿತು: ವೈರುಗಳನ್ನು ಸೇರಿಸುವ ಕಪ್ಲರ್ ಸಡಿಲವಾಗಿದೆ, ಹಿಂದೆ ಭಾರ ಬಿದ್ದಾಗ ಮಾತ್ರ ಕೂಡಿಕೊಳ್ಳುತ್ತದೆ. “ದೊಡ್ಡಪ್ಪಾ, ಇದನ್ನ ಒತ್ತಿಬುಟ್ರೆ ಸರಿಹೋಯ್ತದೆ!” ಎಂದೆ. ಪರ್ವತಯ್ಯ ತಟ್ಟನೆ ನನ್ನ ಕೈ ಹಿಡಿದರು. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಹೆಂಡತಿಯತ್ತ ಕಣ್ಣು ಹಾಯಿಸಿ ಪಿಸುಗುಟ್ಟಿದರು: “ಗೊತ್ತು ಕಣ್ಲಾ. ಮೆತ್ತಗೆ ಮಾತಾಡು.”