ವಸ್ತಾದರ ಎಲುಬು

ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಬೆಲ್ಲದ ಹೆಂಟೆಯಂತಾಗಿದ್ದ ಎರಡು ಕಿವಿ, ನಡುವೆ ಹಣೆತುಂಬ ವಿಭೂತಿ. ಮಾಳಮಡ್ಡಿಯ ನಮ್ಮ ಗರಡಿಮನೆಯ ಗುರು ವಸ್ತಾದರನ್ನು ಕೊನೆಯ ದಾರಿಗೆ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಪಕ್ಕದಲ್ಲಿ ನಿಂತು ನನ್ನ ನಿತ್ಯದ ಕೆಲಸ ಮಾಡುತ್ತಿದ್ದೆ, ಅಂದರೆ ಚಿಂತೆ. ಸಮಾಧಿಯ ಕುಣಿಯಲ್ಲಿ ಇಳಿಸುವಾಗ ಅವರ ತೊಡೆಯ ಎಲುಬು ಮುರಿಯಬಹುದು. ಮುಂದೆ ಹೆಗಲು ಕೊಡುವವರು ಯಾರೆಂದು ಜಗಳವಾಗಿ ಪೈಲ್ವಾನರು ಅಲ್ಲೇ ಒಬ್ಬರನ್ನೊಬ್ಬರು ಎತ್ತಿ ಒಗೆಯಬಹುದು. ಕುಣಿ ಸಣ್ಣದಾಗಬಹುದು. ಕೆಸರಿನಲ್ಲಿ ಕುರ್ಚಿಯೇ ಉರುಳಬಹುದು.

ನನ್ನ ಹೆದರಿಕೆ ಬಿಡಿಸಲೆಂದು ಅಪ್ಪ ಚಿಕ್ಕಂದಿನಲ್ಲಿ ನನ್ನನ್ನು ಅವರ ಕೈಗೆ ಒಪ್ಪಿಸಿದ್ದರು. ಮೊದಲ ದಿನವೇ ವಸ್ತಾದರು ನನ್ನ ನಡ ಹಿಡಿದು ಎತ್ತಿ ಕೆಮ್ಮಣ್ಣಿಗೆ ಬಡಿದರು. ಎಬ್ಬಿಸಿ ಮತ್ತೆ ಬಡಿದರು.

"ಕುಸ್ತಿ ಆಮ್ಯಾಲ. ಮೊದ್ಲ ಬೀಳೂದು ಕಲಿ. ಗದ್ದ ಎದಿಗೆ, ಕೈ ಮೈಗೆ. ಹೆದರಿದಾವ ಕೈ ಊರತಾನ, ಮುರಕೋತಾನ."

ನಾನು ಪ್ರತಿಸಲವೂ ಕೈ ಊರಿದೆ. ಪ್ರತಿಸಲವೂ ಕಪಾಳಕ್ಕೆ ಒಂದು ಬಿತ್ತು. "ಜ್ವಾಳದ ಚೀಲ ಬಿದ್ದಂಗ ಬಿದ್ದಿ ನೋಡು" ಅನ್ನುತ್ತಿದ್ದರು. ಛಲೋ ಬಿದ್ದಿ ಎಂದು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

ಅವರು ಕಣದಲ್ಲಿ ಎದುರಾಳಿಯ ಹೆಗಲೆಲುಬು ಮುರಿದು, ತಮ್ಮ ಮೂಗಿನ ರಕ್ತ ಒರೆಸಿಕೊಳ್ಳುತ್ತ ಅವನನ್ನೇ ಬೆನ್ನ ಮೇಲೆ ಹೊತ್ತು ದವಾಖಾನೆಗೆ ಒಯ್ದದ್ದನ್ನು ಊರೇ ಕಂಡಿತ್ತು. ತಮ್ಮ ಒಂದು ಎಲುಬೂ ಮುರಿದಿಲ್ಲವೆಂಬ ಸೊಕ್ಕು ಅವರಿಗಿತ್ತು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ನಾನು ಹಾಗೆ ಹುಟ್ಟಿದವನು. ಲೋಕಕ್ಕೆ ತಲೆ ಕೊಡಲು ಆಗಲೇ ಹೆದರಿದ್ದೆನೇನೋ. ಓಣಿಯ ಎಷ್ಟೋ ಬೆನ್ನು ಒದ್ದಿದ್ದೇನೆ. ನನ್ನ ಪರಾಕ್ರಮ ಅಷ್ಟೇ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ವಸ್ತಾದರೇ ಬಂದು ನನ್ನ ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಿದರು. ತಿಂಗಳುಗಟ್ಟಲೆ ನಡನೋವು; ಮಲಗಿದರೂ ಬಿಡದು.

"ವಸ್ತಾದರ, ಒಂದ್ ಎಕ್ಸರೇ ತಗಸೂಣಲ್ರೀ?"

"ನಾ ನಿನ್ನ ಒಗಿಯೂ ಮುಂದ ಎಕ್ಸರೇ ತಗಸಿದ್ನೇನು? ಒದಿ."

ಕಾಲೆತ್ತಿದೆ. ಅದನ್ನೇ ಹಿಡಿದು ಅವರು ನನ್ನನ್ನು ಅಂಗಳಕ್ಕೆ ಒಗೆದರೆ ಎಂದು ತಡೆದು ನಿಂತೆ.

"ಮುಹೂರ್ತ ನೋಡಾಕತ್ತೀಯೇನಪಾ?" ಅಂದವರು ಸೀನಿದರು. ಚಟಕ್ ಎಂದಿತು. ಪಕ್ಕೆಲುಬು. ಜೀವಮಾನವೆಲ್ಲ ಮಂದಿ ಬಡಿದರೂ ಮುರಿಯದ್ದು ಒಂದು ಸೀನಿಗೆ ಮುರಿದಿತ್ತು.

ವಿದ್ಯಾನಗರದ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು: "ಪ್ರಾಸ್ಟೇಟ್ ಗ್ರಂಥಿ ಕ್ಯಾನ್ಸರ್ ರಕ್ತದಾಗ ಹರದು ಎಲುಬಿಗೆ ಬಂದೈತ್ರಿ. ಬೆನ್ನು, ಸೊಂಟ, ಪಕ್ಕಿ, ತೊಡಿ. ಅಲ್ಲಿ ಕುಂತು ಅಡ್ಡಾದಿಡ್ಡಿ ಹೊಸಾ ಎಲುಬು ಕಟ್ಟಸ್ತೈತಿ. ನೋಡಾಕ ದಪ್ಪ, ಒಳಗ ಬಲ ಇಲ್ಲ."

"ಪುಡಿ ತಿಂದು ಉಬ್ಬಿದ ಜಿಮ್ ಹುಡುಗೂರಂಗ," ಅಂದರು ವಸ್ತಾದರು.

ಒದೆಯ ವಿಷಯ ಕೇಳಿ ಆಕೆ ನನ್ನ ಕಾಲು ನೋಡಿದರು. "ಒದ್ದಿದ್ರ ಬೆನ್ನಿನ ಮಣಿ ಕುಸಿದು ನರದ ಹುರಿ ಜಜ್ಜಿ ಹೋಗ್ತಿತ್ರಿ. ಆಮ್ಯಾಲ ಎರಡೂ ಕಾಲು ಇಲ್ಲ."

ಬೆನ್ನಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಂಡಸಿನ ಹಾರ್ಮೋನು ಇಳಿಸುವ ಚುಚ್ಚುಮದ್ದು ಶುರುವಾಯಿತು. "ಹಣಮಪ್ಪನ ಮುಂದ ಹೊತ್ತ ಬ್ರಹ್ಮಚರ್ಯ, ಈಗ ಸೂಜಿಲೆ ಬಂತು" ಎಂದು ವಸ್ತಾದರು ನಕ್ಕರು. ಕೋಲೂರಿಕೊಂಡಾದರೂ ಸ್ವಂತ ಕಾಲಲ್ಲೇ ಗರಡಿಗೆ ನಡೆದರು. ನೋವು ಏರಿದಾಗ ಮಾತ್ರ ಮಂಚದ ಪಟ್ಟಿಯನ್ನು ಯಾರದೋ ಕುತ್ತಿಗೆಯೆಂಬಂತೆ ಹಿಚುಕಿ, ಹಲ್ಲು ಕಡಿಯುತ್ತಿದ್ದರು: "ಇಂವ ಎಷ್ಟ್ ಒಗದ್ರೂ ಚಿತ್ ಆಗವಲ್ಲನಲೇ."

ಕಡೆಗೆ ಅವರೇ ಚಿತ್ತಾದರು.

ಕುಣಿಯ ಬಳಿ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಪೈಲ್ವಾನರು ಅವರನ್ನು ಹಾಲಿನ ಕೊಡ ಇಳಿಸಿದಂತೆ ಇಳಿಸಿದರು. ಮಣ್ಣು ಹಾಕಲು ಮುಂದಾದ ನನ್ನ ಕಾಲು ಕುಣಿಯ ಪಕ್ಕದ ಕೆಸರಿನಲ್ಲಿ ಜಾರಿತು, ಅಷ್ಟೇ. ಯೋಚಿಸಲು ಹೊತ್ತೇ ಸಿಗಲಿಲ್ಲ. ಗದ್ದ ಎದೆಗೆ ಹೋಯಿತು, ಕೈ ಮೈಗಂಟಿತು; ಹೆಗಲ ಮೇಲೆ ಉರುಳಿ ಎದ್ದು ಕೂತೆ. ಮೈತುಂಬ ಕೆಸರು. ಎಲುಬೆಲ್ಲ ಇದ್ದಲ್ಲೇ ಇದ್ದವು.

ಅವರ ಶಿಷ್ಯನೊಬ್ಬ ಕೈಕೊಟ್ಟು ಎಬ್ಬಿಸಿದ.

"ಛಲೋ ಬಿದ್ರಿ, ಸರ."