ಫೋನಿನಲ್ಲಿ ಚಿಗುರಿದ ಗಿಡ

ಹುಕ್ಕೇರಿಯಿಂದ ಮೂಡಲಗಿಗೆ ಮದುವೆಯಾಗಿ ಬಂದ ಮೊದಲ ವರ್ಷ ಅಂದರೆ ನನಗೆ ಮಧ್ಯಾಹ್ನಗಳೇ ನೆನಪಾಗುತ್ತವೆ. ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ, ಅತ್ತೆ. ರಸ್ತೆಗೆ ಹೊಂದಿಕೊಂಡ ಮುಂದಿನ ಕೋಣೆಯಲ್ಲಿ ಗಂಡನ ಮೋಟರ್ ವೈಂಡಿಂಗ್ ಅಂಗಡಿ. ರೈತರು ಸುಟ್ಟುಹೋದ ಬೋರಿನ ಮೋಟರು ತಂದು ಇಳಿಸುತ್ತಿದ್ದರು. ಗಂಡ ಅದರ ಹೊಟ್ಟೆಯೊಳಗಿನ ಕರಕಾದ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತುತ್ತಿದ್ದರು. ಊಟವಾದ ಮೇಲೆ ಅತ್ತೆ ಅಡ್ಡಾಗುತ್ತಿದ್ದರು. ತಂತಿಗೆ ಬಳಿದ ವಾರ್ನಿಶಿನ ವಾಸನೆ ಮನೆತುಂಬ ತೇಲುತ್ತಿತ್ತು. ನಾನು ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಲ್ಲಿ ಕೂತು ಬೋನ್ಸಾಯ್ ಮಾಡುವವರ ವಿಡಿಯೋ ನೋಡುತ್ತಿದ್ದೆ. ಅವರ ಭಾಷೆ ತಿಳಿಯುತ್ತಿರಲಿಲ್ಲ, ಕೈಗಳನ್ನು ನೋಡಿದರೆ ಸಾಕಾಗುತ್ತಿತ್ತು. ಆ ಕೈಗಳಲ್ಲಿ ಗೇಣುದ್ದದ ಗಿಡವೊಂದು ಮೆಲ್ಲಗೆ ಮುಪ್ಪಾಗುತ್ತಿತ್ತು. ನೋಡುತ್ತ ನೋಡುತ್ತ ತೂಕಡಿಕೆ ಬಂದರೆ, ಇರುವೆಯಷ್ಟು ಸಣ್ಣವಳಾಗಿ ಅದರ ಬುಡದಲ್ಲಿ ನಾನು ಕೂತಂತೆ ಕನಸು ಬೀಳುತ್ತಿತ್ತು.

ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಹೊಲದ ಬದುವಿನ ಮುಗಿಲೆತ್ತರದ ಬೇವೂ ಗಿಡ, ಡಬ್ಬಿಯಲ್ಲಿ ಹಚ್ಚಿದ ತುಳಸಿಯೂ ಗಿಡ. ಅದಕ್ಕೋ ಏನೋ, ತಟ್ಟೆಯಲ್ಲಿ ಮರ ಬೆಳೆಸುವುದು ನನಗೆ ವಿಚಿತ್ರ ಅನ್ನಿಸಲಿಲ್ಲ.

ಗಂಡನದು ಮಾತು ಕಡಿಮೆ. ಸಿಟ್ಟಲ್ಲ, ಸ್ವಭಾವ. "ಊಟ ಆತೇನು", "ಬರ್ತೇನಿ" ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಒಮ್ಮೆ ಅಂಗಡಿಯ ಸಾಮಾನಿಗಾಗಿ ಗೋಕಾಕಕ್ಕೆ ಹೊರಟಾಗ ನಾನೂ ಬೈಕಿನ ಹಿಂದೆ ಕೂತೆ. ವಾಪಸ್ಸು ಬರುವಾಗ ಊರ ಹೊರಗೊಂದು ನರ್ಸರಿ ಕಂಡಿತು. ಅವರ ಹೆಗಲು ಮುಟ್ಟಿದೆ, ಗಾಡಿ ನಿಲ್ಲಿಸಿದರು.

ಗುಲಾಬಿ, ದಾಸವಾಳಗಳನ್ನು ದಾಟಿ ಹಿಂದಕ್ಕೆ ಹೋದೆ. ನಳದ ಬಾಜೂ ಕಪ್ಪು ಚೀಲದಲ್ಲಿ ಆಲದ ಜಾತಿಯ ಫೈಕಸ್ ಗಿಡವೊಂದು ವಾಲಿ ನಿಂತಿತ್ತು. ಬುಡ ದಪ್ಪ, ನಡು ಸೊಟ್ಟ. ಬೇರು ಚೀಲ ಹರಿದು ನೆಲಕ್ಕಿಳಿದಿತ್ತು.

"ಅದನ್ಯಾಕ ತಗೋತೀರಿ ಅಕ್ಕಾರ, ಸೊಟ್ಟ ಐತಿ. ನೆಟ್ಟಗಿದ್ದದ್ದು ಕೊಡ್ತೇನಿ," ಅಂದ ನರ್ಸರಿಯವ.

"ಸೊಟ್ಟಂದ ಬೇಕ್ರಿ," ಅಂದೆ.

ಗಂಡ ನನ್ನ ಮುಖ ನೋಡಿ, ರೊಕ್ಕ ಎಣಿಸಿ ಕೊಟ್ಟರು. ಕಲ್ಲೋಳಿ ದಾಟಿ ಮನೆ ಮುಟ್ಟುವವರೆಗೂ ಗಿಡವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಗಾಳಿಗೆ ಅದರ ಎಲೆ ನನ್ನ ಗದ್ದಕ್ಕೆ ತಾಕುತ್ತಿತ್ತು. ಎರಡೂ ಬದಿಗೆ ಕಬ್ಬಿನ ಹೊಲಗಳು ನೀರಿನಂತೆ ಸರಿದುಹೋಗುತ್ತಿದ್ದವು.

ಮರುದಿನ ಮಾಳಿಗೆಯ ಮೇಲೆ ಬೇರು ತೊಳೆದು ಕತ್ತರಿಸುತ್ತಿದ್ದೆ. ಮೆಣಸಿನಕಾಯಿ ಒಣಹಾಕಲು ಬಂದ ಅತ್ತೆ ನಿಂತುಬಿಟ್ಟರು.

"ಆಲದ ಜಾತಿ ಮನ್ಯಾಗ ಹಚ್ಚಬಾರ್ದವ್ವಾ. ಅದೂ ಸಾಲ್ದು ಅಂತ ಬೇರು ಕಡ್ಯಾಕತ್ತಿ."

"ಕಡದ್ರ ಸಣ್ಣ ಬೇರು ಒಡಿತಾವ್ರಿ ಅತ್ತಿ."

"ಅದಕ್ಕ ನೋವಾಗೂದಿಲ್ಲೇನು?"

ಮರಳು, ಇಟ್ಟಂಗಿ ಪುಡಿ, ಹಳೆ ಗೊಬ್ಬರ ಬೆರೆಸಿ, ತೂತು ಕೊರೆದ ಮಣ್ಣಿನ ತಟ್ಟೆಯಲ್ಲಿ ನೆಟ್ಟೆ. ಅತ್ತೆ ಕೆಲವು ದಿನ ಆ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ಉಳಿದ ನೀರನ್ನು ಅದರ ಬುಡಕ್ಕೆ ಹನಿಸುತ್ತಿದ್ದರು. ನಾನು ಕಂಡದ್ದು ಅವರಿಗೆ ಗೊತ್ತಾಗಲಿಲ್ಲ.

ಟೊಂಗೆ ಬಗ್ಗಿಸಲು ಕಬ್ಬಿಣದ ತಂತಿ ಸುತ್ತಿದೆ. ಒಂದು ಟೊಂಗೆ ಲಟ್ಟನೆ ಮುರಿಯಿತು. ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ ಗಂಡ ಟಾಕಿಯ ನೀರು ನೋಡಲು ಬಂದರು. ಕೆಳಗಿಳಿದು ಹೋಗಿ, ಹಳೆ ಮೋಟರಿನ ತಾಮ್ರದ ತಂತಿ ತಂದರು.

"ಬೆಂಕ್ಯಾಗ ಹಾಕಿ ತಗದೇನಿ. ಮೆತ್ತಗಾಗೈತಿ."

ತಾವೇ ಕೂತು ಒಂದೇ ಅಳತೆಯಲ್ಲಿ ಸುತ್ತುತ್ತ ಹೋದರು. ನಾನು ಹಿಂದೆ ಹಿಂದೆ ಬಗ್ಗಿಸುತ್ತ ಬಂದೆ.

"ಇನ್ನೊಂದೀಟು?"

"ಸಾಕ್ರಿ. ಉಳಿದದ್ದು ನಾಳೆ."

ಆಮೇಲೆ ಸಂಜೆ ಅಂಗಡಿ ಮುಚ್ಚಿದರೆ ಅವರು ನೇರ ಮಾಳಿಗೆಗೇ ಬರುತ್ತಿದ್ದರು.

ಮರುವರ್ಷ ಹೆರಿಗೆಗೆ ಹುಕ್ಕೇರಿಗೆ ಹೋದೆ, ಮಗಳು ಹುಟ್ಟಿದಳು. ಬಾಣಂತಿ ಕೋಣೆಯಲ್ಲಿ ಹಗಲಿಗೂ ಕತ್ತಲೆ, ಲೋಬಾನದ ಹೊಗೆ. ತಲೆಗೆ ಬಟ್ಟೆ ಸುತ್ತಿಕೊಂಡು, ದಿಂಬಿನ ಕೆಳಗೆ ಫೋನಿಟ್ಟುಕೊಂಡು ಮಲಗಿರುತ್ತಿದ್ದೆ. ಹೊತ್ತು ಇಳಿಯುವಾಗ ಗಂಡನ ಕರೆಗೆ ಅದು ಸಣ್ಣಗೆ ನಡುಗುತ್ತಿತ್ತು.

"ಕೂಸು ಮಲಗೇತೇನು?"

"ಹೂನ್ರಿ. ಗಿಡ ಹೆಂಗೈತ್ರಿ?"

"ಎಡಗಡೆ ಟೊಂಗಿಗೆ ಚಿಗುರು ಬಂದೈತಿ. ಕೆಂಪಂದು."

ಮೊದಮೊದಲು ಇಷ್ಟೇ. ಬರಬರುತ್ತ ಮಾತು ಬೆಳೆಯಿತು. ಟೊಂಗೆಯಿಂದ ಕೂದಲೆಳೆಯಷ್ಟು ಬೇರೊಂದು ಇಳಿಯುತ್ತಿದೆಯಂತೆ. ಗುಬ್ಬಿಯೊಂದು ಬಂದು ಕೂತು, ಭಾರಕ್ಕೆ ಎಲೆ ಬಾಗಿದಾಗ ಹೆದರಿ ಹಾರಿತಂತೆ. "ಇವತ್ತ ನಸುಕಿನ್ಯಾಗ ಎಲಿ ಮ್ಯಾಲ ಇಬ್ಬನಿ ಕುಂತಿತ್ತು. ಎಣ್ಣಿ ಹಚ್ಚಿದಂಗ ಹೊಳ್ಯಾಕತ್ತಿತ್ತು," ಅಂದರು ಒಮ್ಮೆ. ಕೂಸಿನ ಉಸಿರು ಒಂದು ಕಿವಿಗೆ, ಆ ದನಿ ಇನ್ನೊಂದು ಕಿವಿಗೆ. ನಾನು ಅರೆನಿದ್ದೆಯಲ್ಲಿ ಹೂಂಗುಟ್ಟುತ್ತಿದ್ದೆ. ಕೋಣೆಯ ಹೊಗೆಯಲ್ಲಿ ಆ ಗಿಡ ಬೆಳೆದು ಬೆಳೆದು ತೊಲೆ ಮುಟ್ಟುತ್ತಿತ್ತು, ತೊಟ್ಟಿಲಿನ ಮೇಲೆ ಎಲೆ ಆಡಿಸುತ್ತಿತ್ತು.

ಕೂಸನ್ನು ಕರೆದುಕೊಂಡು ಮೂಡಲಗಿಗೆ ಬಂದ ದಿನ, ಅತ್ತೆ ಆರತಿ ಎತ್ತಿ ಒಳಗೆ ಕರೆದ ಕೂಡಲೇ ಮಾಳಿಗೆ ಹತ್ತಿದೆ. ತಟ್ಟೆ ಅಲ್ಲಿರಲಿಲ್ಲ. ಕೆಳಗಿಳಿದರೆ ಗಂಡ ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಒಳಗೆ ಹಲಗೆಯ ಮೇಲೆ ಗಿಡವಿತ್ತು. ಎಲೆ ಒಂದೂ ಇರಲಿಲ್ಲ. ಒಣಗಿದ ಟೊಂಗೆ, ಅದರ ಮೇಲೆ ತಾಮ್ರದ ಸುರುಳಿ.

"ಕಣ್ಣೆದುರಿಗೆ ಇರ್ಲಿ ಅಂತ ಕೆಳಗ ತಂದೆ. ಬಿಸಲಿಲ್ದ ಎಲಿ ಉದುರಿದ್ವು," ಅಂದರು.

"ಯಾವಾಗ?"

"ನೀ ಹೋದ ಮರು ತಿಂಗಳ."

"ಮತ್ತ ಆ ಚಿಗುರು? ಗುಬ್ಬಿ, ಇಬ್ಬನಿ?"

ಅವರು ಉಗುರಿನಿಂದ ಬಾಗಿಲ ಚೌಕಟ್ಟು ಕೆರೆಯುತ್ತ ನಿಂತರು. "ನೀ ಕೇಳ್ತಿದ್ದಿ. ಏನರ ಹೇಳಬೇಕಲ್ಲ. ಹೇಳ್ಕೋಂತ ಹೇಳ್ಕೋಂತ ನನಗೂ ಕಾಣ್ಸಾಕ ಹತ್ತಿತ್ತು," ಅಂದರು.

"ಖರೆ ಹೇಳಿಬಿಡು ಅಂತ ನಾನೂ ಹೇಳಿದೆ, ಕೇಳ್ಲಿಲ್ಲ," ಅಂದರು ಒಳಗಿನಿಂದ ಅತ್ತೆ.

ಸಿಟ್ಟು ಮಾಡಬೇಕು ಅಂದುಕೊಂಡೆ. ಅಳುವೂ ಬಂತು, ನಗುವೂ ಬಂತು. ಒಂದು ಸಾಲು ಮಾತಾಡಲು ಹಿಂಜರಿಯುವ ಮನುಷ್ಯ ಅಷ್ಟು ತಿಂಗಳು ನನಗಾಗಿ ಎಲೆ ಎಲೆಯಾಗಿ ಒಂದು ಗಿಡ ಬೆಳೆಸಿದ್ದರು. ಅಂಥ ಗಿಡ ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ.

ಉಗುರಿನಿಂದ ತೊಗಟೆ ಗೀರಿದೆ. ಮೇಲೆಲ್ಲ ಕಂದು, ಒಣಗಿತ್ತು. ನಡುವಿನ ಸೊಟ್ಟಿನ ಕೆಳಗೆ ಮಾತ್ರ ಒಳಗೆ ಹಸಿರು ಕಂಡಿತು. ಅಲ್ಲಿಂದ ಮೇಲಿನದ್ದನ್ನೆಲ್ಲ ಕತ್ತರಿಸಿದೆ. ನಾವಿಬ್ಬರೂ ಕೂಡಿ ಬಗ್ಗಿಸಿದ ಟೊಂಗೆಗಳೂ ಹೋದವು. ಮೋಟು ಗಿಡವನ್ನು ಮತ್ತೆ ಮಾಳಿಗೆಗೆ ಒಯ್ದು ಅರೆನೆರಳಲ್ಲಿಟ್ಟೆವು. ಬಹಳ ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಕೂಸನ್ನು ಎಳೆಬಿಸಿಲಿಗೆ ಹಿಡಿದು ನಿಂತಾಗ, ಯಾವ ಟೊಂಗೆಯೂ ಇಲ್ಲದ ಜಾಗದಲ್ಲಿ ಸೂಜಿಮೊನೆಯಷ್ಟು ಮೊಗ್ಗು ಕಂಡಿತು. ಗಂಡನನ್ನು ಕೂಗಿ ಕರೆದೆ. ಕೈಗೆ ವಾರ್ನಿಶ್ ಹತ್ತಿಸಿಕೊಂಡೇ ಬಂದರು, ಬಗ್ಗಿ ಬಹಳ ಹೊತ್ತು ನೋಡಿದರು.

"ನಾ ಹೇಳಿದಂಗ ಕೆಂಪ ಇಲ್ಲ," ಅಂದರು. "ಹಸರ ಐತಿ."

ಈಗ ಅದು ಕುಳ್ಳಗೆ, ಅಗಲವಾಗಿ, ಒಂದೇ ಕಡೆಗೆ ಕೊಡೆ ಹಿಡಿದಂತೆ ಬೆಳೆದಿದೆ. ಮಗಳು ಶಾಲೆಗೆ ಹೋಗುತ್ತಾಳೆ. ಹೋದ ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜೆಯಾದ ಮೇಲೆ ಅವಳು ಅಜ್ಜಿ ಮಾಡಿಕೊಟ್ಟ ಪುಟ್ಟ ಮಣ್ಣಿನ ಎತ್ತುಗಳನ್ನು ತಂದು ಅದರ ಕೆಳಗೆ ಮಲಗಿಸಿದಳು. ಎತ್ತುಗಳ ಮೈತುಂಬ ನೆರಳು ಬಿತ್ತು. ಸಂಜೆ ಮಳೆ ಬಂತು. ನಾವು ಒಳಗಿಡಲು ಮರೆತೆವು. ಬೆಳಿಗ್ಗೆ ನೋಡಿದರೆ ಎತ್ತುಗಳು ಕರಗಿ ಗಿಡದ ಮಣ್ಣಿನಲ್ಲೇ ಸೇರಿಹೋಗಿದ್ದವು. ಮಗಳು ಅಳಲಿಲ್ಲ. ಒದ್ದೆ ಮಣ್ಣನ್ನು ಬೆರಳಿನಿಂದ ಒತ್ತಿ, "ಒಳಗ ಮಲ್ಗ್ಯಾವ," ಅಂದಳು.